ಮಗನ ಭಾನುವಾರಕ್ಕೆ ಕಾಯದ ಜೋಡಿ: ನಿಶಿಕಸಾಯಿಯ ಒಂದು ಪ್ರಕರಣ

ಮಕ್ಕಳ ಜೊತೆ ಇರಲು ಹೊರದೇಶಕ್ಕೆ ಹೋಗಿ ಬರುವ ಅಪ್ಪ ಅಮ್ಮಂದಿರ ಬಾಯಲ್ಲಿ ಸಾಮಾನ್ಯವಾಗಿ ಎರಡು ಥರದ ಮಾತು ಕೇಳುತ್ತೇವೆ. 'ಮಗ ಎಲ್ಲಾ ತೋರಿಸಿದ' ಅನ್ನೋದು ಒಂದು. 'ನಾಲ್ಕು ಗೋಡೆ ನೋಡಿ ಸಾಕಾಯ್ತು' ಅನ್ನೋದು ಇನ್ನೊಂದು. ಇಲ್ಲಿ ಹೇಳುತ್ತಿರುವ ದಂಪತಿ 2019ರಲ್ಲಿ ಟೋಕಿಯೋದಲ್ಲಿ ಮೂರು ತಿಂಗಳಿದ್ದು, ಎರಡೂ ಮಾತನ್ನು ಒಟ್ಟಿಗೇ ಆಡುತ್ತಾ ಹಾಸನಕ್ಕೆ ವಾಪಸ್ ಹೋದರು. ಇನ್ನು ಬರಲ್ಲ ಅಂತಲೂ ಹೇಳಿದ್ದರು. ಆದರೆ 2022ರ ಕೊನೆಗೆ ಬಂದರು, ಮೂರು ವರ್ಷ ಇದ್ದರು, ಈಗ ಹೊರಡಬೇಕಲ್ಲ ಅಂತ ಬೇಜಾರು ಮಾಡಿಕೊಂಡಿದ್ದಾರೆ. ಊರು ಅದೇ, ಮನೆ ಅದೇ, ಮಗ ಸೊಸೆ ಅವರೇ. ಹಾಗಾದರೆ ಬದಲಾಗಿದ್ದೇನು?

ಹೆಸರು ಹಾಕಬೇಡಿ ಅಂದಿದ್ದಾರೆ. ಹಾಗಾಗಿ ಅವರನ್ನು ಯಜಮಾನರು, ಅಮ್ಮ ಅಂತಲೇ ಕರೆಯುತ್ತೇನೆ. ಯಜಮಾನರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಸರ್ವಿಸಿನ ಮುಕ್ಕಾಲು ಪಾಲು ಹೇಮಾವತಿ ನಾಲೆಗಳ ಏರಿ ಮೇಲೇ ಕಳೆದವರು. 2022ರಲ್ಲಿ ಅವರಿಗೆ 70, ಅಮ್ಮನಿಗೆ 66. ಯಜಮಾನರಿಗೆ ಬಿಪಿ ಇದೆ, ಜೊತೆಗೆ ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾದ ವಯಸ್ಸಿನ ತೊಂದರೆ. ಅಮ್ಮನಿಗೆ ಎಡ ಮಂಡಿ ನೋವು. ಇಬ್ಬರೂ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿಗಳು. ಜಪಾನೀಸ್ ಬರುವುದಿಲ್ಲ, ಇಂಗ್ಲಿಷ್ ಯಜಮಾನರಿಗೆ ಮಾತ್ರ ಚೆನ್ನಾಗಿ ಬರುತ್ತದೆ. ನಾನು ಅದೇ ಕಟ್ಟಡದವನು, ಲಿಫ್ಟಿನಲ್ಲಿ ಕನ್ನಡ ಕೇಳಿಸಿ ಪರಿಚಯವಾದವನು.

ಜಾಗ ಎಂಥದ್ದು

ನಿಶಿಕಸಾಯಿ ಟೋಕಿಯೋದ ಪೂರ್ವ ತುದಿಯ ಎದೊಗಾವಾ ವಾರ್ಡಿನಲ್ಲಿದೆ. ಇದನ್ನು 'ಲಿಟಲ್ ಇಂಡಿಯಾ' ಅನ್ನುತ್ತಾರೆ. ಇಲ್ಲಿಗೆ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 2000ದ ಆಸುಪಾಸಿನಲ್ಲಿ, ವೈಟುಕೆ (2000ನೇ ಇಸವಿ ಬಂದಾಗ ಕಂಪ್ಯೂಟರುಗಳ ತಾರೀಖು ಕೆಡದಂತೆ ಸರಿಪಡಿಸುವ) ಕೆಲಸಕ್ಕೆ ಅಂತ ಕಂಪನಿಗಳು ಸಾಫ್ಟ್‌ವೇರ್‌ನವರನ್ನು ಕರೆಸಿಕೊಂಡಾಗ. ಇದೇ ಜಾಗ ಯಾಕೆ ಅಂದರೆ, ತೋಜಾಯ್ ಮೆಟ್ರೊ ಲೈನ್ ಇಲ್ಲಿಂದ ನೇರವಾಗಿ ಬ್ಯಾಂಕು, ಹಣಕಾಸು ಕಚೇರಿಗಳಿರುವ ಒತೆಮಾಚಿಗೆ ಹೋಗುತ್ತದೆ. ಇನ್ನೊಂದು ಕಾರಣ ಯುಆರ್ ಅನ್ನುವ ಸರ್ಕಾರಿ ಮೂಲದ ವಸತಿ ಸಂಸ್ಥೆಯ ದೊಡ್ಡ ಕಟ್ಟಡಗಳು. ಜಪಾನಿನಲ್ಲಿ ಬಾಡಿಗೆ ಮನೆ ಅಂದರೆ ಜಾಮೀನುದಾರ ಬೇಕು, ಮಾಲೀಕರಿಗೆ ವಾಪಸ್ ಬಾರದ ಕಾಣಿಕೆ ದುಡ್ಡು ಬೇಕು. ಯುಆರ್‌ನಲ್ಲಿ ಎರಡೂ ಬೇಡ. ಹೊಸದಾಗಿ ಬಂದ ವಿದೇಶಿಯರಿಗೆ ಇದಕ್ಕಿಂತ ಸಲೀಸು ಬೇರೆ ಇಲ್ಲ.

ಬೇಳೆ, ರಾಗಿ ಹಿಟ್ಟು, ಸಾಸಿವೆ, ಇಂಗು ಎಲ್ಲಾ ನಡೆದು ಹೋಗುವಷ್ಟು ದೂರದಲ್ಲೇ ಸಿಗುತ್ತದೆ. ಹಾಗಾಗಿ 'ಊಟಕ್ಕೆ ತೊಂದರೆ ಆಯಿತಾ' ಅನ್ನುವ ಪ್ರಶ್ನೆ ಈ ಪ್ರಕರಣದಲ್ಲಿ ಮನೆಯೊಳಗೆ ಏಳಲೇ ಇಲ್ಲ. ಎದ್ದದ್ದು ಮನೆಯಿಂದ ಹೊರಗೆ ಕಾಲಿಟ್ಟಾಗ.

2019: ನೋಡಿದ್ದು ಜಾಸ್ತಿ

ಮೊಮ್ಮಗಳು ಹುಟ್ಟಿದ ವರ್ಷ. ಸೆಪ್ಟೆಂಬರಿನಿಂದ ಡಿಸೆಂಬರ್ ತನಕ, 90 ದಿನದ ವೀಸಾ. ಮಗ ಒಳ್ಳೆಯವನು, ಅದೇ ತೊಂದರೆ. ಅಪ್ಪ ಅಮ್ಮ ಬಂದಿದ್ದಾರೆ ಅಂತ ಯಾವ ಶನಿವಾರ ಭಾನುವಾರವನ್ನೂ ಬಿಡಲಿಲ್ಲ. ಕ್ಯೋತೋ, ಕಮಾಕುರಾದ ಬುದ್ಧ, ಹಕೋನೆ, 634 ಮೀಟರಿನ ಸ್ಕೈಟ್ರೀ ಗೋಪುರ. ಪ್ರತಿ ಸಲ ಬೆಳಿಗ್ಗೆ ಆರಕ್ಕೆ ಹೊರಡೋದು, ರಾತ್ರಿ ಹತ್ತಕ್ಕೆ ಬರೋದು. ಕೂಸನ್ನು ಹೊತ್ತುಕೊಂಡು ರೈಲು ಬದಲಿಸೋದು. ಅಮ್ಮನ ಮಂಡಿ ಊದಿಕೊಳ್ಳುತ್ತಿತ್ತು. ಹೇಳಿದರೆ ಮಗನಿಗೆ ಬೇಜಾರಾಗುತ್ತದೆ ಅಂತ ಹೇಳುತ್ತಿರಲಿಲ್ಲ.

ಸೋಮವಾರದಿಂದ ಶುಕ್ರವಾರದವರೆಗೆ ಅದರ ಉಲ್ಟಾ. ಏಳನೇ ಮಹಡಿ. ಮಗ ಆಫೀಸಿಗೆ, ಸೊಸೆ ಕೂಸಿನ ಜೊತೆ. ಬೆಲ್ ಆದರೆ ಬಾಗಿಲು ತೆಗೆಯಲು ಭಯ, ಯಾರಾದರೂ ಏನಾದರೂ ಕೇಳಿಬಿಟ್ಟರೆ? ಯಜಮಾನರು ಟ್ಯಾಬಿನಲ್ಲಿ ಕನ್ನಡ ಪೇಪರು ಓದಿ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಆಮೇಲೆ ಕಿಟಕಿ. ಅಮ್ಮ ಆಗ ಹೇಳಿದ ಮಾತು: 'ಇಲ್ಲಿ ಬೀದೀನೇ ಮಾತಾಡಲ್ಲ ಕಣಪ್ಪ.'

ಔಷಧಿಯದ್ದೂ ಒಂದು ಗಲಿಬಿಲಿ. ಜಪಾನಿಗೆ ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಸ್ವಂತಕ್ಕೆ ಅಂತ ಒಂದು ತಿಂಗಳಿಗೆ ಆಗುವಷ್ಟು ಮಾತ್ರ ಸುಮ್ನೆ ತರಬಹುದು. ಅದಕ್ಕಿಂತ ಜಾಸ್ತಿ ತರಬೇಕಾದರೆ ಮೊದಲೇ ಅರ್ಜಿ ಹಾಕಿ ಅನುಮತಿ ಕಾಗದ ಪಡೆಯಬೇಕು. ಮೂರು ತಿಂಗಳಿಗೆ ಬರುವ ಹಿರಿಯರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಇವರಿಗೆ ಹೊರಡುವ ಹಿಂದಿನ ವಾರ ಗೊತ್ತಾಗಿ, ಕಾಗದಕ್ಕೆ ಓಡಾಡಿದ್ದರು.

ಆ ಮೂರು ತಿಂಗಳಲ್ಲಿ ಯಜಮಾನರ ಮುಖದಲ್ಲಿ ಕಳೆ ಬಂದದ್ದು ಒಂದೇ ದಿನ ಅಂತ ಸೊಸೆ ಹೇಳುತ್ತಾರೆ. ಅದು ಅಕ್ಟೋಬರ್ 12, ಹಗಿಬಿಸ್ ಚಂಡಮಾರುತ ಬಂದ ದಿನ. ಎಲ್ಲರ ಫೋನಿನಲ್ಲೂ ಎಚ್ಚರಿಕೆ ಕೂಗುತ್ತಿತ್ತು. ವಾರ್ಡಿನಲ್ಲಿ ತುಂಬಾ ಜನಕ್ಕೆ ಜಾಗ ಬಿಟ್ಟು ಹೋಗಿ ಅಂತ ಸೂಚನೆ ಬಂದಿತ್ತು. ಇವರು ಏಳನೇ ಮಹಡಿಯಲ್ಲಿದ್ದರಿಂದ ಬಚ್ಚಲ ತೊಟ್ಟಿ ತುಂಬಿಸಿಟ್ಟು ಕೂತರು. ಯಜಮಾನರು ಮಾತ್ರ 'ನದಿ ಎಷ್ಟು ಏರಿದೆ, ಒಂದು ಸಲ ನೋಡಿ ಬರ್ತೀನಿ' ಅಂತ ಚಪ್ಪಲಿ ಹುಡುಕುತ್ತಿದ್ದರಂತೆ. ಮಗ ಬಾಗಿಲಿಗೆ ಅಡ್ಡ ನಿಂತ. ಆ ಚಪ್ಪಲಿಯ ವಿಷಯ ಮುಂದೆ ಉಪಯೋಗಕ್ಕೆ ಬರುತ್ತದೆ.

ಮತ್ತೆ ಬಂದದ್ದು ಹೇಗೆ

ಜಪಾನಿನಲ್ಲಿ ಕೆಲಸ ಮಾಡುವವರು ಗಂಡ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಅಪ್ಪ ಅಮ್ಮನನ್ನು ಇಟ್ಟುಕೊಳ್ಳಲು ಸಾಮಾನ್ಯ ಕೆಲಸದ ವೀಸಾದಲ್ಲಿ ದಾರಿ ಇಲ್ಲ. ಅಲ್ಪಾವಧಿಗೆ ಬಂದು ಹೋಗಬೇಕು, ಅಷ್ಟೇ. ಒಂದು ಕಿಂಡಿ ಇರುವುದು 'ಉನ್ನತ ಕೌಶಲ್ಯ' ದರ್ಜೆಯವರಿಗೆ. ಓದು, ಸಂಬಳ, ವಯಸ್ಸು, ಅನುಭವಕ್ಕೆ ಅಂಕ ಕೊಟ್ಟು 70 ಮುಟ್ಟಿದರೆ ಈ ದರ್ಜೆ ಸಿಗುತ್ತದೆ. ಅಂಥವರು, ಮನೆಯಲ್ಲಿ ಏಳು ವರ್ಷ ತುಂಬದ ಮಗು ಇದ್ದರೆ, ಅದನ್ನು ನೋಡಿಕೊಳ್ಳಲು ಅಪ್ಪ ಅಮ್ಮನನ್ನು ಕರೆಸಿಕೊಳ್ಳಬಹುದು. ಮನೆಯ ವರ್ಷದ ಆದಾಯ 80 ಲಕ್ಷ ಯೆನ್ ಇರಬೇಕು, ಒಂದೇ ಮನೆಯಲ್ಲಿ ಇರಬೇಕು. ಜೊತೆಗೆ ಗಂಡನ ಕಡೆಯವರು ಇಲ್ಲವೇ ಹೆಂಡತಿ ಕಡೆಯವರು, ಎರಡರಲ್ಲಿ ಒಂದು ಕಡೆಗೆ ಮಾತ್ರ ಅವಕಾಶ. ಸೊಸೆಯ ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ. ಈ ಸಾಲನ್ನು ಓದಿದಾಗ ಆ ಮನೆಯಲ್ಲಿ ಏನು ಮಾತು ನಡೆಯಿತೋ ನಾನು ಕೇಳಿಲ್ಲ, ಕೇಳುವುದೂ ಸರಿಯಲ್ಲ.

ಮಗನಿಗೆ ಅಂಕ ಬಂದವು. ಕೋವಿಡ್ ಮುಗಿದು ಗಡಿ ತೆರೆದ ಮೇಲೆ ಇಬ್ಬರೂ ಬಂದರು. ಮಗುವಿಗೆ ಆಗ ಮೂರು ದಾಟಿತ್ತು. ಏಳು ತುಂಬುವ ತನಕ ಮಾತ್ರ ಅನ್ನುವುದು ಮೊದಲ ದಿನದಿಂದಲೇ ಗೊತ್ತಿತ್ತು.

ಈ ಸಲ ಸಿಕ್ಕಿದ್ದು ಬರೀ ಹೆಚ್ಚು ದಿನ ಅಲ್ಲ. ನಿವಾಸಿ ಕಾರ್ಡು ಬಂತು. ವಾರ್ಡು ಕಚೇರಿಯಲ್ಲಿ ಅವರ ಹೆಸರು ವಿಳಾಸದ ಸಮೇತ ದಾಖಲಾಯಿತು. ಮಗನ ಆಫೀಸಿನ ಆರೋಗ್ಯ ವಿಮೆಗೆ ಅವಲಂಬಿತರಾಗಿ ಸೇರಿದರು. ಯಜಮಾನರು 70 ದಾಟಿದ್ದರಿಂದ ಡಾಕ್ಟರ ಬಿಲ್ಲಿನಲ್ಲಿ 20 ಶೇಕಡಾ ಕೊಟ್ಟರೆ ಸಾಕು, ಅಮ್ಮ 30 ಶೇಕಡಾ. ಮಾತ್ರೆ ಬರೆದುಕೊಳ್ಳುವ ಪುಟ್ಟ ಪುಸ್ತಕವನ್ನು ಔಷಧಿ ಅಂಗಡಿಯವರೇ ಕೊಟ್ಟರು. ಅದನ್ನು ತೋರಿಸಿದರೆ ಭಾಷೆ ಬೇಡ, ಯಾವ ಮಾತ್ರೆ ಎಷ್ಟು ಅಂತ ಯಾವ ಡಾಕ್ಟರಿಗೂ ತಿಳಿಯುತ್ತದೆ. ಹಾಸನದಿಂದ ಮಾತ್ರೆ ಹೊತ್ತು ತರುವ ಚಿಂತೆ ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ಆರೂವರೆ

ದಿನಚರಿ ಶುರುವಾದದ್ದು ಆಕಸ್ಮಿಕವಾಗಿ. ಬೆಳಿಗ್ಗೆ ಹತ್ತಿರದ ಪಾರ್ಕಿನಲ್ಲಿ ಯಜಮಾನರು ಸುತ್ತು ಹಾಕುವಾಗ ಇಪ್ಪತ್ತು ಮೂವತ್ತು ಮಂದಿ ವಯಸ್ಸಾದವರು ರೇಡಿಯೋ ಸುತ್ತ ನಿಂತು ಕೈ ಬೀಸುತ್ತಿದ್ದರು. ಇದು 'ರಾಜಿಯೋ ತೈಸೋ'. 1928ರಲ್ಲಿ ಶುರುವಾದದ್ದು. ಈಗಿನ ರೂಪ 1951ರದು. ಎನ್‌ಎಚ್‌ಕೆ ಅನ್ನುವ ಜಪಾನಿನ ಸಾರ್ವಜನಿಕ ರೇಡಿಯೋದಲ್ಲಿ ದಿನಾ 6:30ಕ್ಕೆ ಪಿಯಾನೋ ಜೊತೆ ಬರುತ್ತದೆ. ಸೇರಲು ಫೀಸಿಲ್ಲ, ಹೆಸರು ಬರೆಸಬೇಕಿಲ್ಲ. ಮುಂದಿನವರು ಮಾಡಿದ್ದನ್ನು ನೋಡಿ ಮಾಡಿದರಾಯಿತು. ಜಪಾನಿನಲ್ಲಿ ನೂರಕ್ಕೆ 29 ಜನ 65 ದಾಟಿದವರು. ಹಾಗಾಗಿ ಇಂಥ ಗುಂಪು ಇಲ್ಲದ ಪಾರ್ಕು ಹುಡುಕುವುದೇ ಕಷ್ಟ.

ಯಜಮಾನರು ಹಿಂದೆ ನಿಂತು ಶುರು ಮಾಡಿದರು. ಆಮೇಲೆ ಅಮ್ಮನನ್ನೂ ಕರೆದುಕೊಂಡು ಹೋದರು. ಸೀರೆ ಮೇಲೆ ಸ್ವೆಟರ್, ಕಾಲಿಗೆ ಸ್ಪೋರ್ಟ್ಸ್ ಶೂ. ಅಮ್ಮ ಮಂಡಿ ಬಗ್ಗಿಸುವ ಭಾಗ ಬಂದರೆ ನಿಂತುಬಿಡುತ್ತಾರೆ. ಹಾಗೆ ನಿಲ್ಲುವವರು ಅವರೊಬ್ಬರೇ ಅಲ್ಲ. ಮುಗಿದ ಮೇಲೆ ಎಲ್ಲರೂ ಒಬ್ಬರಿಗೊಬ್ಬರು ತಲೆ ಬಾಗಿಸಿ ಹೋಗುತ್ತಾರೆ. ಯಾರಾದರೂ ಎರಡು ದಿನ ಬಾರದಿದ್ದರೆ ಮೂರನೇ ದಿನ ಕೇಳುತ್ತಾರೆ. ಯಜಮಾನರಿಗೆ ಜ್ವರ ಬಂದು ಮಲಗಿದ್ದಾಗ, ಗುಂಪಿನ ಒಬ್ಬ ಹಿರಿಯರು ಅಮ್ಮನ ಮುಂದೆ ಬೆರಳಲ್ಲಿ ಮೀಸೆ ತೀಡಿ ತೋರಿಸಿ ಎಲ್ಲಿ ಅಂತ ಕೈ ಆಡಿಸಿದರಂತೆ. ಯಜಮಾನರ ಮೀಸೆ ದೊಡ್ಡದು.

ಒಬ್ಬ ಅಜ್ಜಿ ಒಂದು ದಿನ ಅಮ್ಮನ ಕೈಗೆ ಸೊಪ್ಪಿನ ಕಟ್ಟು ಕೊಟ್ಟರು. ಕೊಮಾತ್ಸುನಾ. ಇದು ಈ ವಾರ್ಡಿನದೇ ಸೊಪ್ಪು. ಇಲ್ಲಿನ ಕೊಮಾತ್ಸುಗಾವಾ ಅನ್ನುವ ಊರಿನ ಹೆಸರು ಅದಕ್ಕೆ ಬಂದಿದೆ. 1719ರಲ್ಲಿ ಬೇಟೆಗೆ ಬಂದ ಶೋಗುನ್ (ಆಗ ಆಡಳಿತ ನಡೆಸುತ್ತಿದ್ದ ಸೇನಾಧಿಪತಿ) ಯೋಶಿಮುನೆ ಈ ಸೊಪ್ಪಿನ ಸಾರು ಕುಡಿದು ಹೆಸರಿಟ್ಟ ಅಂತ ಕಥೆ. ಈಗಲೂ ಇಲ್ಲಿ ಬೆಳೆಯುತ್ತಾರೆ. ಅಮ್ಮ ಅದನ್ನು ತೊಗರಿಬೇಳೆ ಜೊತೆ ಬೇಯಿಸಿ ಬಸಿದು ಬಸ್ಸಾರು ಮಾಡಿದರು. ನಾನು ತಿಂದಿದ್ದೇನೆ, ದಂಟಿನ ಸೊಪ್ಪಿಗಿಂತ ಒಂದು ಚೂರು ಕಹಿ, ಮುದ್ದೆಗೆ ಚೆನ್ನಾಗಿ ಹೊಂದುತ್ತದೆ.

ಸೊಪ್ಪು ಕೊಟ್ಟವರಿಗೆ ಅಮ್ಮ ಕೋಡುಬಳೆ ಕೊಟ್ಟರು. ನಮ್ಮಲ್ಲಿ ಅಕ್ಕಪಕ್ಕದವರು ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ ಕೊಡುವುದಿಲ್ಲವಲ್ಲ, ಹಾಗೆ. ಅಮ್ಮನಿಗೆ ಗೊತ್ತಿಲ್ಲದ್ದು ಏನಂದರೆ, ಜಪಾನಿನವರಿಗೂ ಅದೇ ಚಾಳಿ. ಕೋಡುಬಳೆಗೆ ಪರ್ಸಿಮನ್ ಹಣ್ಣು ಬಂತು. ಹಣ್ಣಿಗೆ ಚಕ್ಕುಲಿ ಹೋಯಿತು. ಚಕ್ಕುಲಿಗೆ ಕೈಯಲ್ಲಿ ಹೆಣೆದ ಕಾಲುಚೀಲ. ಇದು ಎಲ್ಲಿಗೆ ನಿಲ್ಲುತ್ತದೋ ಅಂತ ಸೊಸೆಗೆ ಗಾಬರಿ. ಮೂರು ವರ್ಷ ನಿಂತಿಲ್ಲ.

ಬಸ್ಸು, ಪಾಸು, ಒಂದು ಜಗಳ

ಟೋಕಿಯೋ ವಿಳಾಸ ಇರುವ, 70 ತುಂಬಿದವರಿಗೆ ಸಿಲ್ವರ್ ಪಾಸ್ ಅಂತ ಒಂದಿದೆ. ನಿವಾಸಿ ತೆರಿಗೆ ಬೀಳದಷ್ಟು ಕಡಿಮೆ ಆದಾಯ ಇದ್ದವರಿಗೆ ವರ್ಷಕ್ಕೆ 1,000 ಯೆನ್. ಅಕ್ಟೋಬರಿನಿಂದ ಮುಂದಿನ ಸೆಪ್ಟೆಂಬರ್ ತನಕ ಟೋಕಿಯೋ ಸರ್ಕಾರದ ಬಸ್ಸು, ಅದೇ ಸರ್ಕಾರದ 'ತೋಯೆ' ಮೆಟ್ರೊ, ಟ್ರಾಮು, ಜೊತೆಗೆ ಟೋಕಿಯೋದೊಳಗೆ ಓಡುವ ಖಾಸಗಿ ಬಸ್ಸುಗಳಲ್ಲೂ ಎಷ್ಟು ಸಲ ಬೇಕಾದರೂ ಓಡಾಡಬಹುದು. ಯಜಮಾನರಿಗೆ ಸಿಕ್ಕಿತು. ಅಮ್ಮನಿಗೆ ವಯಸ್ಸು ಸಾಲದು, ಸರ್ಕಾರಿ ಬಸ್ಸು ಹತ್ತಿದ ಪ್ರತಿ ಸಲವೂ ಆಗ 210 ಯೆನ್ ಕೊಡಬೇಕಿತ್ತು.

ಊರಿನಲ್ಲಿ 2023ರ ಜೂನಿನಿಂದ ಶಕ್ತಿ ಯೋಜನೆ. ಅಲ್ಲಿ ಅಮ್ಮನಿಗೆ ಬಸ್ಸು ಫ್ರೀ, ಯಜಮಾನರು ಹಿರಿಯ ನಾಗರಿಕರ ರಿಯಾಯಿತಿ ಕಳೆದು ಮುಕ್ಕಾಲು ಟಿಕೆಟ್ ಕೊಡಬೇಕು. ಇಲ್ಲಿ ತಿರುಗುಮುರುಗು. 'ರೀ, ನಾನು ಫ್ರೀಯಾಗಿ ಓಡಾಡೋ ಕಾಲಕ್ಕೆ ಇಲ್ಲಿ ತಂದು ಕೂರಿಸಿದ್ರಲ್ಲ' ಅಂತ ಅಮ್ಮ. 'ನಿನಗೂ 70 ಆಗ್ಲಿ ತಾಳು' ಅಂತ ಅವರು. ಈ ಜಗಳ ಕೇಳಲು ಚೆನ್ನಾಗಿತ್ತು, ಆದರೆ ಪರಿಣಾಮವೂ ಇತ್ತು. ಮೊದಲ ಕೆಲವು ತಿಂಗಳು ಯಜಮಾನರು ಒಬ್ಬರೇ ಹೊರಟುಬಿಡುತ್ತಿದ್ದರು. ಅಮ್ಮ ದುಡ್ಡಿನ ಲೆಕ್ಕ ಹಾಕಿ ಮನೆಯಲ್ಲಿ ಉಳಿಯುತ್ತಿದ್ದರು. ಯೆನ್ನನ್ನು ಮನಸ್ಸಿನಲ್ಲೇ ರೂಪಾಯಿ ಮಾಡುವ ಅಭ್ಯಾಸ ನಮ್ಮ ಹಿರಿಯರಿಗೆ ಬಿಡುವುದು ಕಷ್ಟ. ಕೊನೆಗೆ ಸೊಸೆ ಒಂದು ಉಪಾಯ ಮಾಡಿದರು. ಅತ್ತೆಯ ಬಸ್ಸು ರೈಲಿನ ಕಾರ್ಡಿಗೆ ತಿಂಗಳ ಮೊದಲ ದಿನವೇ ದುಡ್ಡು ತುಂಬಿಸಿಬಿಟ್ಟರು. ತುಂಬಿದ ದುಡ್ಡು ಹೇಗೂ ಹೋಗಿದ್ದು, ಖರ್ಚು ಮಾಡದಿದ್ದರೆ ನಷ್ಟ ಅಂತ ಅಮ್ಮನಿಗೆ ಅನಿಸತೊಡಗಿತು.

ನಿಶಿಕಸಾಯಿಯ ತೋಜಾಯ್ ಲೈನಿಗೆ ಈ ಪಾಸ್ ನಡೆಯುವುದಿಲ್ಲ, ಅದು ಬೇರೆ ಕಂಪನಿಯ ಮೆಟ್ರೊ. ಅದಲ್ಲದೆ ಬೆಳಿಗ್ಗೆ ಹೊತ್ತು ಆ ಲೈನು ವಯಸ್ಸಾದವರಿಗಲ್ಲ. 2019ರ ಲೆಕ್ಕದಲ್ಲಿ ಕಿಬಾ ಸ್ಟೇಷನ್ ಹತ್ತಿರ ಅದರ ದಟ್ಟಣೆ 199 ಶೇಕಡಾ, ಅಂದರೆ ಹಿಡಿಸುವುದಕ್ಕಿಂತ ಎರಡರಷ್ಟು ಜನ. ಹಾಗಾಗಿ ಯಜಮಾನರು ಬೇರೆ ದಾರಿ ಕಟ್ಟಿಕೊಂಡರು. ಹತ್ತು ಗಂಟೆ ಮೇಲೆ ಬಸ್ಸಿನಲ್ಲಿ ಫುನಾಬೊರಿಗೆ, ಅಲ್ಲಿಂದ ತೋಯೆ ಶಿಂಜುಕು ಲೈನು. ಪ್ರತಿ ಬಸ್‌ಸ್ಟಾಪಿನಲ್ಲೂ ನಿಮಿಷದ ಲೆಕ್ಕದಲ್ಲಿ ವೇಳಾಪಟ್ಟಿ ಇರುತ್ತದೆ. ಅಂಕಿ ಓದಲು ಜಪಾನೀಸ್ ಬೇಕಿಲ್ಲ. ಬಸ್ಸು ನಿಂತ ಮೇಲೆ ಎದ್ದರೆ ಸಾಕು, ಡ್ರೈವರ್ ಕಾಯುತ್ತಾನೆ. ಬಸ್ಸಿನ ಒಂದು ಪಕ್ಕ ಫುಟ್‌ಪಾತಿನ ಕಡೆಗೆ ಬಾಗುತ್ತದೆ. ಮಂಡಿ ನೋವಿನವರಿಗೆ ಆ ನಾಲ್ಕು ಬೆರಳಿನ ಎತ್ತರ ದೊಡ್ಡ ವಿಷಯ.

ಫುನಾಬೊರಿಯಲ್ಲೇ ಎರಡು ಕೆಲಸ ಇದ್ದವು. ಒಂದು, ಇಸ್ಕಾನ್‌ನವರ ಕೃಷ್ಣ ದೇವಸ್ಥಾನ. ಇನ್ನೊಂದು, ಸ್ಟೇಷನ್ ಎದುರಿನ ಟವರ್ ಹಾಲ್. 115 ಮೀಟರಿನ ಗೋಪುರ, ಮೇಲೆ ಹತ್ತಿ ನೋಡಲು ಒಂದು ಯೆನ್ನೂ ಇಲ್ಲ. ಊರಿಂದ ಯಾರೇ ಬಂದರೂ ಯಜಮಾನರು ಸ್ಕೈಟ್ರೀ ಬಿಟ್ಟು ಇಲ್ಲಿಗೇ ಕರೆದುಕೊಂಡು ಬರುತ್ತಾರೆ. ಇಲ್ಲಿಂದ ಸ್ಕೈಟ್ರೀಯೂ ಕಾಣುತ್ತದೆ ಅನ್ನುವುದು ಅವರ ವಾದ.

ಸುಗಾಮೊ

ಫುನಾಬೊರಿಯಿಂದ ಶಿಂಜುಕು ಲೈನಿನಲ್ಲಿ ಜಿಂಬೋಚೊ, ಅಲ್ಲಿ ಮಿತಾ ಲೈನಿಗೆ ಬದಲಿಸಿದರೆ ಸುಗಾಮೊ. ಪೂರ್ತಿ ಪಾಸಿನ ದಾರಿ. ಇವರಿಬ್ಬರ ಅಚ್ಚುಮೆಚ್ಚಿನ ಜಾಗ ಇದೇ. ಹರಾಜುಕು ಅನ್ನುವ ಫ್ಯಾಷನ್ ಪೇಟೆ ಹುಡುಗ ಹುಡುಗಿಯರದ್ದು, ಸುಗಾಮೊ ಅಜ್ಜಿಯರ ಹರಾಜುಕು ಅಂತ ಇಲ್ಲಿನವರೇ ಹೇಳುತ್ತಾರೆ. ಜಿಜೊದೋರಿ ಬೀದಿ ಸುಮಾರು 800 ಮೀಟರ್. ಎರಡೂ ಕಡೆ ಬೆಚ್ಚಗಿನ ಒಳ ಉಡುಪು, ಊರುಗೋಲು, ಉಪ್ಪಿನಕಾಯಿ, ಸುಲಭವಾಗಿ ಹಾಕಿ ತೆಗೆಯುವ ಚಪ್ಪಲಿ. ಅಕ್ಷರ ದೊಡ್ಡದು. ನಡೆಯುವವರೆಲ್ಲ ನಿಧಾನ. 'ಇಲ್ಲಿ ನಾನೇ ಸ್ಪೀಡು' ಅಂತ ಅಮ್ಮ ನಕ್ಕಿದ್ದರು. ಕೆಂಪು ಒಳ ಉಡುಪು ಮಾತ್ರ ಮಾರುವ ಅಂಗಡಿ ಒಂದಿದೆ, ಕೆಂಪು ಆರೋಗ್ಯಕ್ಕೆ ಒಳ್ಳೆಯದು ಅಂತ ನಂಬಿಕೆ. ಅಮ್ಮ ಅದರ ಮುಂದೆ ಮುಖ ತಿರುಗಿಸಿ ನಡೆಯುತ್ತಾರೆ. ಕೆಂಪು ಕಾಲುಚೀಲ ಮಾತ್ರ ಒಂದು ಜೊತೆ ಕೊಂಡರು.

ಬೀದಿಯ ನಡುವೆ ಕೋಗಾಂಜಿ ದೇವಸ್ಥಾನ. ಅಂಗಳದಲ್ಲಿ ಬೌದ್ಧರ ಕರುಣೆಯ ದೇವತೆ ಕನ್ನೊನ್‌ನ ಕಲ್ಲಿನ ಮೂರ್ತಿ. ನಮಗೆ ಎಲ್ಲಿ ನೋವಿದೆಯೋ ಮೂರ್ತಿಯ ಅದೇ ಜಾಗಕ್ಕೆ ನೀರು ಹಾಕಿ ಬಿಳಿ ಬಟ್ಟೆಯಲ್ಲಿ ಒರೆಸಬೇಕು. 4, 14, 24ನೇ ತಾರೀಖು ಜಾತ್ರೆ, ಆಗ ಉದ್ದ ಕ್ಯೂ. ಅಮ್ಮ ಜಾತ್ರೆ ಇಲ್ಲದ ದಿನ ಹೋಗಿ ಮಂಡಿಯನ್ನು ಸಮಾಧಾನವಾಗಿ ಒರೆಸಿ ಬರುತ್ತಾರೆ. ಯಜಮಾನರು ದೇವರು ದಿಂಡರು ಅಂತ ಹೆಚ್ಚು ಹಚ್ಚಿಕೊಂಡವರಲ್ಲ. ಆದರೂ ಒಂದು ಸಲ ಬಟ್ಟೆ ಹಿಡಿದುಕೊಂಡು ಮೂರ್ತಿಯ ಸುತ್ತ ಏನೋ ಯೋಚನೆ ಮಾಡುತ್ತಾ ನಿಂತಿದ್ದರಂತೆ. ತಮ್ಮ ತೊಂದರೆಯ ಜಾಗವನ್ನು ನಾಲ್ಕು ಜನರ ಮುಂದೆ ಹೇಗೆ ಒರೆಸುವುದು ಅಂತ. ಆಮೇಲೆ ಕೈ ಮುಗಿದು ಬಂದರು.

ತಿನ್ನಲು ಅಲ್ಲಿ ಉಪ್ಪು ದೈಫುಕು ಸಿಗುತ್ತದೆ. ಅಂಟಕ್ಕಿಯ ಹೊದಿಕೆ, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಅಮ್ಮ ಅದನ್ನು ಚಾಕುವಿನಲ್ಲಿ ಸಣ್ಣ ಸಣ್ಣ ಚೂರು ಮಾಡಿಯೇ ಕೊಡುತ್ತಾರೆ. ಪ್ರತಿ ಹೊಸ ವರ್ಷಕ್ಕೂ ಅಂಟಕ್ಕಿಯ ಮೋಚಿ ಗಂಟಲಿಗೆ ಸಿಕ್ಕಿ ವಯಸ್ಸಾದವರು ಆಸ್ಪತ್ರೆ ಸೇರುವ ಸುದ್ದಿ ಬರುತ್ತದೆ. ಸುಮ್ನೆ ಭಯ ಅಲ್ಲ. ಬೀದಿ ಮುಗಿದರೆ ಟ್ರಾಮ್ ಸ್ಟಾಪು. ಟೋಕಿಯೋದಲ್ಲಿ ಸರ್ಕಾರ ಓಡಿಸುವ ಟ್ರಾಮು ಇದೊಂದೇ ಉಳಿದಿರುವುದು, 12.2 ಕಿಲೋಮೀಟರು. ಮನೆಗಳ ಹಿತ್ತಿಲಿಗೆ ತಾಗುವಂತೆ ಹೋಗುತ್ತದೆ. ಒಣಗಲು ಹಾಕಿದ ಬಟ್ಟೆ, ಹೂವಿನ ಕುಂಡ ಎಲ್ಲಾ ಕಾಣುತ್ತದೆ. ಅಮ್ಮನಿಗೆ ಕ್ಯೋತೋಗಿಂತ ಇದೇ ಇಷ್ಟ.

ಚೀಲ ಮತ್ತು ಶೌಚಾಲಯ

ಹೊರಗಿನ ಊಟ ಇವರಿಗೆ ಕೊನೆ ತನಕ ಆಗಿಬರಲಿಲ್ಲ. ಜಪಾನಿನ ಸಾರು, ಸಾಸು, ನೂಡಲ್ಸು ಹೆಚ್ಚಿನವಕ್ಕೆ ಬುಡ 'ದಾಶಿ', ಸಾಮಾನ್ಯವಾಗಿ ಒಣಮೀನಿನ ರಸ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ಒಳಗೆ ಮೀನಿರಬಹುದು. ಹಾಗಾಗಿ ಅಮ್ಮನ ಚೀಲ. ಚಿತ್ರಾನ್ನ ಅಥವಾ ಮೊಸರನ್ನ, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಕಾಫಿ, ಖಾಲಿ ಪ್ಲಾಸ್ಟಿಕ್ ಕವರು. ಖಾಲಿ ಕವರು ಯಾಕೆಂದರೆ ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದಿಲ್ಲ. 1995ರಲ್ಲಿ ಮೆಟ್ರೊದಲ್ಲಿ ವಿಷಾನಿಲ ಬಿಟ್ಟ ಮೇಲೆ ಬುಟ್ಟಿಗಳನ್ನು ಬಹಳ ಕಡೆ ತೆಗೆದುಬಿಟ್ಟರು. ಕಸ ಮನೆಗೇ ತರಬೇಕು. ದಿನದ ಓಡಾಟದ ಲೋಕಲ್ ರೈಲಿನಲ್ಲಿ ತಿನ್ನುವುದು ಇಲ್ಲಿ ಚೆನ್ನಲ್ಲ, ಆದ್ದರಿಂದ ಪಾರ್ಕು ಹುಡುಕಬೇಕು. ಚಳಿಗಾಲದಲ್ಲಿ ಒಂದು ಸೌಲಭ್ಯ: ಸೂಪರ್‌ಮಾರ್ಕೆಟ್ ಬಾಗಿಲಲ್ಲೇ ಬಿಸಿ ಕಲ್ಲಿನ ಮೇಲೆ ಸುಟ್ಟ ಗೆಣಸು ಸಿಗುತ್ತದೆ. ಅದರಲ್ಲಿ ಮೀನು ಸೇರಿಸಲು ಯಾರಿಗೂ ಸಾಧ್ಯವಾಗಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಊರಿನಲ್ಲಿ ಯಜಮಾನರು ಮದುವೆ ಮುಂಜಿಗೂ ದೂರ ಹೋಗುವುದನ್ನು ಬಿಟ್ಟಿದ್ದರು. ಬಸ್ಸು ಎಲ್ಲಿ ನಿಲ್ಲಿಸುತ್ತಾರೋ, ಅಲ್ಲಿ ಹೇಗಿರುತ್ತದೋ ಅನ್ನುವ ಭಯ. ಇಲ್ಲಿ ಮೆಟ್ರೊ ಸ್ಟೇಷನ್ನು, ಪಾರ್ಕು, ಅಂಗಡಿ ಮಾಳಿಗೆ, ಎಲ್ಲಿ ಹೋದರೂ ಶೌಚಾಲಯ ಇದೆ. ಸ್ವಚ್ಛ, ಪುಕ್ಕಟೆ, ಚಳಿಗಾಲದಲ್ಲಿ ಎಷ್ಟೋ ಕಡೆ ಸೀಟೂ ಬೆಚ್ಚಗೆ. ನನ್ನ ಅಭಿಪ್ರಾಯದಲ್ಲಿ ಈ ಜೋಡಿಯನ್ನು ಮನೆಯಿಂದ ಹೊರಗೆ ತಂದದ್ದರಲ್ಲಿ ಪಾಸಿಗಿಂತ ದೊಡ್ಡ ಪಾಲು ಇದರದ್ದು. ಪ್ರವಾಸದ ಲೇಖನಗಳಲ್ಲಿ ಚೆರ್ರಿ ಹೂವಿನ ಬಗ್ಗೆ ಎಷ್ಟು ಬರೆಯುತ್ತಾರೋ ಅದರ ಕಾಲು ಭಾಗ ಇದರ ಬಗ್ಗೆ ಬರೆದಿದ್ದರೆ, ಎಷ್ಟು ಜನ ಹಿರಿಯರು ಧೈರ್ಯವಾಗಿ ಹೊರಡುತ್ತಿದ್ದರೋ.

65 ದಾಟಿದವರಿಗೆ ಸರ್ಕಾರಿ ತೋಟಗಳಲ್ಲಿ ರಿಯಾಯಿತಿಯೂ ಇದೆ. ಕಿಯೊಸುಮಿ ತೋಟಕ್ಕೆ 150 ಯೆನ್ ಬದಲು 70. ಯುಎನೊ ಝೂಗೆ 600ರ ಬದಲು 300. ಇದು ಅಮ್ಮನಿಗೂ ಸಿಗುತ್ತದೆ, ಆ ಲೆಕ್ಕದಲ್ಲಿ ಮನೆಯಲ್ಲಿ ಶಾಂತಿ.

ಯಜಮಾನರ ನದಿ

ನಿಶಿಕಸಾಯಿಯ ಪಶ್ಚಿಮಕ್ಕೆ ನಾಕಾಗಾವಾ, ಅದಕ್ಕೆ ಅಂಟಿಕೊಂಡು ಅರಾಕಾವಾ. ಎರಡರ ನಡುವಿನ ಏರಿ ಮೇಲೆ ಎಕ್ಸ್‌ಪ್ರೆಸ್ ಹೆದ್ದಾರಿ. ಯಜಮಾನರು ಏರಿ ಹತ್ತಿದ ಮೊದಲ ದಿನವೇ ಕಂಡುಕೊಂಡ ವಿಷಯ, ನೀರು ರಸ್ತೆಗಿಂತ ಮೇಲಿದೆ ಅನ್ನೋದು. ಎದೊಗಾವಾ ವಾರ್ಡಿನ ಸುಮಾರು 70 ಶೇಕಡಾ ನೆಲ ಸಮುದ್ರದ ಉಬ್ಬರಕ್ಕಿಂತ ತಗ್ಗಿನಲ್ಲಿದೆ. 2019ರ ಮೇ ತಿಂಗಳಲ್ಲಿ ವಾರ್ಡಿನವರೇ ಹಂಚಿದ ಪ್ರವಾಹ ನಕ್ಷೆಯ ಮುಖಪುಟದಲ್ಲಿ 'ಇಲ್ಲಿ ಇರಬೇಡಿ' ಅಂತ ಬರೆದಿತ್ತು. ಒಂದು ಸರ್ಕಾರಿ ಕಚೇರಿ ತನ್ನ ಜನಕ್ಕೆ ಇಷ್ಟು ನೇರವಾಗಿ ಹೇಳಿದ್ದು ನೋಡಿ ಯಜಮಾನರಿಗೆ ಮೆಚ್ಚುಗೆ. 'ನಮ್ಮಲ್ಲಾಗಿದ್ರೆ ಇಂಥ ಕರಡು ಬರೆದವನಿಗೆ ಮೆಮೋ' ಅಂದರು.

ಅರಾಕಾವಾ ಇಲ್ಲಿ ಹುಟ್ಟಾ ನದಿಯಲ್ಲ, ತೋಡಿದ ನಾಲೆ ಅಂತ ಗೊತ್ತಾದ ಮೇಲೆ ಅವರಿಗೆ ಕೆಲಸ ಸಿಕ್ಕಂತಾಯಿತು. 1910ರ ಭಾರಿ ಪ್ರವಾಹದ ಮರುವರ್ಷ ಕೆಲಸ ಶುರು, 1924ರಲ್ಲಿ ನೀರು ಬಿಟ್ಟರು, ಪೂರ್ತಿ ಮುಗಿದದ್ದು 1930ರಲ್ಲಿ. ಉದ್ದ 22 ಕಿಲೋಮೀಟರು, ಅಗಲ ಸುಮಾರು ಅರ್ಧ ಕಿಲೋಮೀಟರು. ಕೆಲಸ ನಡೆಸಿದ ಇಂಜಿನಿಯರ್ ಅಕಿರಾ ಅಒಯಾಮಾ, ಪನಾಮಾ ಕಾಲುವೆಯಲ್ಲಿ ದುಡಿದು ಬಂದ ಒಬ್ಬನೇ ಜಪಾನೀಯ. ಹಳೇ ಅರಾಕಾವಾದ ಹಾದಿಯೇ ಈಗಿನ ಸುಮಿದಾ ನದಿ. ಎರಡೂ ಕವಲೊಡೆಯುವ ಜಾಗದಲ್ಲಿ ಇವಾಬುಚಿ ಗೇಟು.

ಅಲ್ಲಿಗೆ ಹೋಗಲು ಪಾಸ್ ನಡೆಯುವ ಸಲೀಸು ದಾರಿ ಇಲ್ಲ. ಯಜಮಾನರು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡ ಅಪರೂಪದ ಪ್ರವಾಸ ಅದು. ನನ್ನನ್ನೂ ಕರೆದಿದ್ದರು. 1924ರ ಹಳೇ ಗೇಟು ಕೆಂಪು, 1982ರ ಹೊಸ ಗೇಟು ನೀಲಿ. 2019ರ ಚಂಡಮಾರುತದ ದಿನ ಮುಚ್ಚಿದ್ದು ಈ ನೀಲಿ ಗೇಟನ್ನೇ. ಹಾಗಾಗಿ ನಡು ಟೋಕಿಯೋದ ಕಡೆ ನೀರು ನುಗ್ಗಲಿಲ್ಲ. ಅವತ್ತು ಚಪ್ಪಲಿ ಹುಡುಕಿದವರಿಗೆ ಉತ್ತರ ಅಲ್ಲಿ ಸಿಕ್ಕಿತು. ಪಕ್ಕದಲ್ಲೇ ನದಿಯ ಮ್ಯೂಸಿಯಂ, ಪ್ರವೇಶ ಉಚಿತ. ಹತ್ತಿರದಲ್ಲೊಂದು ಕಲ್ಲು. ಕೆಲಸದಲ್ಲಿ ಜೀವ ಮತ್ತು ಶ್ರಮ ಕೊಟ್ಟ ಜೊತೆಗಾರರ ನೆನಪಿಗೆ, ಕೆಲಸ ಮಾಡಿದವರಿಂದ ಅಂತ ಅದರ ಮೇಲಿನ ಬರಹದ ಅರ್ಥ. ಅಒಯಾಮಾ ಹೆಸರು ಅದರಲ್ಲಿ ಇಲ್ಲ. ಇದನ್ನು ಫೋನಿನಲ್ಲಿ ತರ್ಜುಮೆ ಮಾಡಿ ತೋರಿಸಿದಾಗ ಯಜಮಾನರು ತುಂಬಾ ಹೊತ್ತು ಅಲ್ಲೇ ನಿಂತರು. ಆಮೇಲೆ ತಮ್ಮ ಸರ್ವಿಸಿನಲ್ಲಿ ಉದ್ಘಾಟನೆಯ ಕಲ್ಲಿನ ಮೇಲೆ ಯಾರ ಹೆಸರು ಮೇಲೆ, ಯಾರದು ಕೆಳಗೆ ಅಂತ ನಡೆದ ಜಗಳಗಳನ್ನು ಒಂದೊಂದಾಗಿ ಹೇಳುತ್ತಾ ಬಂದರು. ವಾಪಸ್ ದಾರಿ ಪೂರ್ತಿ ಅದೇ. ಅಮ್ಮ ನಿದ್ದೆ ಮಾಡಿದರು.

ಆಗದೇ ಹೋದದ್ದು

ಜಪಾನೀಸ್ ಕಲಿಕೆ ಆಗಲಿಲ್ಲ. ವಾರಕ್ಕೊಮ್ಮೆ ಸ್ವಯಂಸೇವಕರ ಕ್ಲಾಸಿಗೆ ಸೇರಿದ್ದರು. ಯಜಮಾನರು ಬೇಗ ಬಿಟ್ಟರು. ಅಮ್ಮ ಹೋದರು, ಭಾಷೆಗಿಂತ ಅಲ್ಲಿನ ಟೀಚರಮ್ಮನ ಜೊತೆ ಕೂರಲು. ಮೊದಲ ಚಳಿಗಾಲ ಕಷ್ಟವಾಯಿತು. ಒಣ ಗಾಳಿಗೆ ಕೈ ಬಿರಿಯಿತು, ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಕೂತಿತು, ಯುಗಾದಿ ಹಬ್ಬಕ್ಕೆ ಬೇವು ಸಿಗದೆ ಅಮ್ಮ ಅತ್ತುಬಿಟ್ಟರು. ಊರಿನಲ್ಲಿ ಯಜಮಾನರ ಅಣ್ಣ ತೀರಿಕೊಂಡಾಗ ಮಣ್ಣಿಗೆ ಹೋಗಲು ಆಗಲಿಲ್ಲ. ತಿಥಿಗೆ ಹೋಗಿ ಬಂದರು. ಆಗ ಎರಡು ತಿಂಗಳು ಪಾರ್ಕಿಗೂ ಹೋಗಲಿಲ್ಲ. ಸುತ್ತಾಟದಿಂದ ಸರಿಹೋಗುವ ವಿಷಯ ಅಲ್ಲ ಅದು.

ಮಗನ ಭಾನುವಾರಗಳು ಮಾತ್ರ ಬದಲಾದವು. ಸಂಜೆ ಐದಕ್ಕೆ ಮೊಮ್ಮಗಳನ್ನು ಶಿಶುವಿಹಾರದಿಂದ ಕರೆತರುವುದು ಅಜ್ಜ ಅಜ್ಜಿಯ ಕೆಲಸ. ಹತ್ತರಿಂದ ನಾಲ್ಕರವರೆಗಿನ ಹೊತ್ತು ಅವರದೇ. ಭಾನುವಾರ ಅವರಿಗೆ ವಿಶ್ರಾಂತಿ. ಮಗ ಎಲ್ಲಿಗಾದರೂ ಹೋಗೋಣ ಅಂದರೆ 'ನೀವು ಮೂರು ಜನ ಹೋಗ್ಬನ್ನಿ' ಅನ್ನುತ್ತಾರೆ. 2019ರಲ್ಲಿ ಇವರಿಗೆ ಜಾಗ ತೋರಿಸಲು ಓಡಾಡಿದ ಮಗನಿಗೆ ಈಗ ಸುಗಾಮೊ ದಾರಿ ಇವರೇ ಹೇಳಬೇಕು.

ಈಗ

ಈ ವಸಂತಕ್ಕೆ ಮೊಮ್ಮಗಳಿಗೆ ಏಳು. ವೀಸಾದ ಆಧಾರ ಅಲ್ಲಿಗೆ ಮುಗಿಯುತ್ತದೆ, ನವೀಕರಣ ಇಲ್ಲ. ಬೇರೆ ದಾರಿ ಇದೆಯಾ ಅಂತ ಮಗ ವಕೀಲರ ಹತ್ತಿರ ಕೇಳಿಕೊಂಡು ಬಂದ. ಇವರಿಬ್ಬರೂ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಊರಲ್ಲಿ ಮನೆ ಇದೆ, ಮಗಳು ಬೆಂಗಳೂರಿನಲ್ಲಿದ್ದಾಳೆ. ಅಂಥವರಿಗೆ ದಾರಿ ಸಿಗುವುದು ಕಷ್ಟ ಅಂತ ಉತ್ತರ. ಹಾಗಾಗಿ ಹೊರಡುವುದು ನಿಶ್ಚಯವಾಗಿದೆ. ವಾರ್ಡು ಕಚೇರಿಗೆ ಹೋಗಿ ಊರು ಬಿಡುವ ಅರ್ಜಿ ಕೊಡಬೇಕು, ವಿಮೆಯ ಕಾಗದ ವಾಪಸ್ ಮಾಡಬೇಕು, ವಿಮಾನ ನಿಲ್ದಾಣದಲ್ಲಿ ನಿವಾಸಿ ಕಾರ್ಡು ಒಪ್ಪಿಸಬೇಕು. ಮುಂದೆ ವರ್ಷಕ್ಕೊಮ್ಮೆ 90 ದಿನದ ವೀಸಾದಲ್ಲಿ ಬರುವ ಯೋಚನೆ. ಅಕ್ಟೋಬರ್ ನವೆಂಬರ್ ಸಾಕು, ಜೂನಿನ ಜಿಟಿಜಿಟಿ ಮಳೆ ಬೇಡ ಅಂತ ಅಮ್ಮ ಈಗಲೇ ಷರತ್ತು ಹಾಕಿದ್ದಾರೆ.

ಅಮ್ಮನಿಗೆ ಈ ವರ್ಷದ ಕೊನೆಗೆ 70 ತುಂಬುತ್ತದೆ. ಸಿಲ್ವರ್ ಪಾಸ್ ಟೋಕಿಯೋ ವಿಳಾಸ ಇರುವವರಿಗೆ ಮಾತ್ರ, 90 ದಿನಕ್ಕೆ ಬಂದವರಿಗೆ ಕೊಡುವುದಿಲ್ಲ. ಇದನ್ನು ಯಜಮಾನರು ಹೋದ ವಾರ ವಿಚಾರಿಸಿಕೊಂಡು ಬಂದರು. ಮನೆಯಲ್ಲಿ ಇನ್ನೂ ಹೇಳಿಲ್ಲ.